ಅಗಡಿಯ ಒಂದು ಎಕರೆ: ಬಿಸಿಲಿನಿಂದ ತೋಳದವರೆಗಿನ ಲೆಕ್ಕ

ಹಾವೇರಿ ತಾಲೂಕಿನ ಅಗಡಿಯ ಸುತ್ತ ಮುಂಗಾರಿಗೆ ಒಂದು ಎಕರೆ ಗೋವಿನಜೋಳ ಬಿತ್ತಿದ ರೈತರ ಖರ್ಚಿನ ಪಟ್ಟಿಯಲ್ಲಿ ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎಲ್ಲ ಇರುತ್ತವೆ. ಬಿಸಿಲು, ಮಳೆ, ಗಾಳಿಯೊಳಗಿನ ಸಾರಜನಕ, ಎರೆಹುಳು, ಕಣಜ, ಕಾಜಾಣ ಇರುವುದಿಲ್ಲ. ಇವಕ್ಕೆ ಯಾರೂ ರಸೀದಿ ಕೊಡುವುದಿಲ್ಲವಾದ್ದರಿಂದ ಲೆಕ್ಕದಿಂದಲೇ ಬಿಟ್ಟುಹೋಗಿವೆ. ಅದೇ ರೈತರ ಮಕ್ಕಳು ಶಾಲೆಯಲ್ಲಿ ಜೈವಿಕ ಘಟಕ, ಅಜೈವಿಕ ಘಟಕ, ಆವಾಸ, ಆಹಾರ ಸರಪಳಿ ಎಂದು ಓದುತ್ತಾರೆ. ಉದಾಹರಣೆಗೆ ಬರುವುದು ಮರುಭೂಮಿಯ ಒಂಟೆ, ಹಿಮಪರ್ವತದ ಯಾಕ್.

ಬಿಟ್ಟುಹೋದ ಬಾಬತ್ತುಗಳನ್ನು ಪಟ್ಟಿಗೆ ಸೇರಿಸಿದರೆ ಹೊಲದ ನಿಜವಾದ ಬಂಡವಾಳ ಯಾವುದೆಂದು ಗೊತ್ತಾಗುತ್ತದೆ, ಆರು–ಏಳನೇ ತರಗತಿಯ ಜೀವವಿಜ್ಞಾನವೂ ಮನೆಯ ಮಾತಾಗುತ್ತದೆ. ಈ ವರದಿಯ ಉದ್ದೇಶ ಇಷ್ಟೇ. ಇಳುವರಿಯನ್ನು ಎಕರೆಗೆ 20 ಕ್ವಿಂಟಲ್ ಎಂದು ಹಿಡಿದಿದ್ದೇನೆ. ಕೂಲಿ, ಟ್ಯಾಂಕರ್‌ನಂಥ ದರಗಳನ್ನು ಲೆಕ್ಕದ ಅನುಕೂಲಕ್ಕಾಗಿ ದುಂಡಗೆ ಇಟ್ಟುಕೊಂಡಿದ್ದೇನೆ. ನಿಮ್ಮೂರಿನ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಂಡು ಗುಣಿಸಬಹುದು.

ಒಂದು ನೋಟದಲ್ಲಿ

• 1 ಎಕರೆ = 40 ಗುಂಟೆ = 43,560 ಚದರ ಅಡಿ = 4,047 ಚದರ ಮೀಟರ್
• ವರ್ಷದ ಮಳೆ (750 ಮಿ.ಮೀ.): 30.35 ಲಕ್ಷ ಲೀಟರ್
• 110 ದಿನಗಳ ಬಿಸಿಲು: ಸುಮಾರು 20 ಲಕ್ಷ ಯೂನಿಟ್
• ಅದರಲ್ಲಿ ಕಾಳಾಗಿ ಉಳಿಯುವುದು: ಸುಮಾರು 8,500 ಯೂನಿಟ್
• ಎಕರೆಯ ಮೇಲಿನ ಗಾಳಿಯಲ್ಲಿರುವ ಸಾರಜನಕ: 31,000 ಟನ್‌ಗೂ ಹೆಚ್ಚು
• ಒಂದು ಸೈನಿಕ ಹುಳುವಿನ ಪತಂಗ ಇಡುವ ಮೊಟ್ಟೆ: ಸುಮಾರು 1,500
• 30 ಮಕ್ಕಳು ಇದನ್ನೆಲ್ಲ ಕಣ್ಣಾರೆ ನೋಡಿ ಎಣಿಸಲು ಬೇಕಾದ ಸಾಮಾನು: ₹1,130

ಬಿಸಿಲು: ನೂರಕ್ಕೆ ಒಂದು

ಮೋಡದ ದಿನಗಳನ್ನೂ ಸೇರಿಸಿ ಮುಂಗಾರಿನಲ್ಲಿ ನಮ್ಮ ಕಡೆ ಒಂದು ಚದರ ಮೀಟರ್ ನೆಲಕ್ಕೆ ದಿನಕ್ಕೆ 4.5 ಯೂನಿಟ್ ಬಿಸಿಲು ಬೀಳುತ್ತದೆ ಎಂದು ಹಿಡಿಯೋಣ. ಯೂನಿಟ್ ಎಂದರೆ ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಎಕರೆಗೆ ದಿನಕ್ಕೆ 18,200 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆಯ ಉಚಿತ ಕರೆಂಟಿನ ತಿಂಗಳ ಮಿತಿ 200 ಯೂನಿಟ್. ಅಂದರೆ ಒಂದು ಎಕರೆಯ ಮೇಲೆ ಒಂದೇ ದಿನ ಬೀಳುವ ಬಿಸಿಲು 91 ಮನೆಗಳ ಒಂದು ತಿಂಗಳ ಪೂರ್ತಿ ಮಿತಿಗೆ ಸಮ.

ಬೆಳೆಯ 110 ದಿನಕ್ಕೆ ಇದು 20 ಲಕ್ಷ ಯೂನಿಟ್. ಒಂದು ಕೆಜಿ ಗೋವಿನಜೋಳದಲ್ಲಿ ಸುಮಾರು 3,650 ಕಿಲೋಕ್ಯಾಲರಿ, ಎಂದರೆ 4.24 ಯೂನಿಟ್ ಶಕ್ತಿ ಇರುತ್ತದೆ. 20 ಕ್ವಿಂಟಲ್ ಕಾಳಿನಲ್ಲಿ ಕೂಡಿಟ್ಟದ್ದು 8,500 ಯೂನಿಟ್ ಅಷ್ಟೇ. ಬಿದ್ದ ಬಿಸಿಲಿನ ಅರ್ಧ ಶೇಕಡಾ ಕೂಡ ಆಗಲಿಲ್ಲ. ದಂಟು, ಎಲೆ ಎಲ್ಲ ಸೇರಿಸಿದರೆ ಹತ್ತಿರಹತ್ತಿರ ಶೇ 1. ಉಳಿದ ಬಿಸಿಲು ಮಣ್ಣು ಕಾಯಿಸಿತು, ನೀರನ್ನು ಆವಿ ಮಾಡಿತು, ತಿರುಗಿ ಆಕಾಶಕ್ಕೆ ಹೋಯಿತು.

ಹಸಿರು ಗಿಡವನ್ನು ಪಾಠದಲ್ಲಿ ‘ಉತ್ಪಾದಕ’ ಎನ್ನುತ್ತಾರೆ. ಈ ಒಂದು ಶೇಕಡಾದ ಮೇಲೆಯೇ ಹೊಲದ ಹುಳ, ಹಕ್ಕಿ, ದನ, ಮನುಷ್ಯ ಎಲ್ಲರ ಬದುಕು ನಿಂತಿದೆ.

ಮುಂದಿನ ಮೆಟ್ಟಿಲು ನೋಡಿ. ಒಬ್ಬರಿಗೆ ದಿನಕ್ಕೆ 2,400 ಕಿಲೋಕ್ಯಾಲರಿ ಬೇಕೆಂದರೆ 20 ಕ್ವಿಂಟಲ್ ಕಾಳು ಎಂಟು ಜನರಿಗೆ ಒಂದು ವರ್ಷದ ಶಕ್ತಿ ಕೊಡುತ್ತದೆ. ಅದನ್ನೇ ಕೋಳಿಗೆ ಹಾಕಿ, ಕೋಳಿಯನ್ನು ನಾವು ತಿಂದರೆ ಆ ಶಕ್ತಿ ಇಬ್ಬರಿಗೂ ಸಾಲುವುದು ಕಷ್ಟ. ಕೋಳಿ ತಿಂದದ್ದರಲ್ಲಿ ಹೆಚ್ಚಿನ ಪಾಲು ಅದರ ಉಸಿರಾಟಕ್ಕೆ, ಓಡಾಟಕ್ಕೆ, ಮೈ ಬಿಸಿ ಇಡುವುದಕ್ಕೆ ಖರ್ಚಾಗಿರುತ್ತದೆ. ಆಹಾರ ಸರಪಳಿಯಲ್ಲಿ ಒಂದೊಂದು ಕೊಂಡಿ ಏರಿದಂತೆ ಶಕ್ತಿ ಹೀಗೆ ಸೋರುತ್ತದೆ.

ಮಳೆ: ಒಂದು ಕೆಜಿಗೆ ಸಾವಿರ ಲೀಟರ್

ಹಾವೇರಿ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ ಸುಮಾರು 750 ಮಿ.ಮೀ. ಹಾನಗಲ್ ಕಡೆ ಹೆಚ್ಚು, ರಾಣೆಬೆನ್ನೂರು ಕಡೆ ಕಡಿಮೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಎಂದರೆ 4,047 ಲೀಟರ್. ವರ್ಷದ ಮಳೆ 30.35 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್‌ನಲ್ಲಿ ತರಿಸಿದ್ದರೆ 607 ಟ್ಯಾಂಕರ್ ಬೇಕಾಗುತ್ತಿತ್ತು. ಟ್ಯಾಂಕರಿಗೆ ₹500 ಎಂದರೂ ಮೂರು ಲಕ್ಷ ರೂಪಾಯಿ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ ₹2,400. ಆ ಲೆಕ್ಕದಲ್ಲಿ 20 ಕ್ವಿಂಟಲ್ ಬೆಳೆಗೆ ಸಿಗುವುದು ₹48,000. ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನಗಳೂ ಇವೆ. ಮಳೆಯನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿದ್ದರೆ ನಮ್ಮ ಕಡೆ ಒಕ್ಕಲುತನವೇ ಇರುತ್ತಿರಲಿಲ್ಲ.

ಗೋವಿನಜೋಳಕ್ಕೆ ಬಿತ್ತನೆಯಿಂದ ಕೊಯ್ಲಿನವರೆಗೆ ಕಡಿಮೆ ಎಂದರೂ 500 ಮಿ.ಮೀ. ನೀರು ಬೇಕು. ಎಕರೆಗೆ 20 ಲಕ್ಷ ಲೀಟರ್, ಒಂದು ಕೆಜಿ ಕಾಳಿಗೆ ಸಾವಿರ ಲೀಟರ್. ಈ ನೀರಿನಲ್ಲಿ ಗಿಡದ ಮೈಯಲ್ಲಿ ಉಳಿಯುವುದು ಬಹಳ ಅಲ್ಪ. ಒಂದು ಪಾಲು ನೆಲದಿಂದಲೇ ಆವಿಯಾಗುತ್ತದೆ, ಹೆಚ್ಚಿನದು ಬೇರಿನಿಂದ ಏರಿ ಎಲೆಯ ಸಣ್ಣ ರಂಧ್ರಗಳಿಂದ ಹೊರಟುಹೋಗುತ್ತದೆ.

ಹಿಂಗಾರಿ ಬಿಳಿಜೋಳ ಇದರ ಅರ್ಧದಷ್ಟು ನೀರಿಗೆ ಕೈಗೆ ಬರುತ್ತದೆ. ಅದರ ಎಲೆಯ ಮೇಲೆ ಬೂದಿಯಂಥ ಮೇಣದ ಪದರ ಇರುತ್ತದೆ. ಬಿಸಿಲು ಜೋರಾದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ, ಬೇರು ಆಳಕ್ಕೆ ಹೋಗುತ್ತದೆ. ಎರಿ ಮಣ್ಣು ಒಂದು ಮೀಟರ್ ಆಳದಲ್ಲಿ 150 ಮಿ.ಮೀ.ಗೂ ಹೆಚ್ಚು ನೀರನ್ನು ಗಿಡಕ್ಕೆ ದಕ್ಕುವಂತೆ ಹಿಡಿದಿಡಬಲ್ಲದು. ಎಂದರೆ ಎಕರೆಗೆ ಆರು ಲಕ್ಷ ಲೀಟರ್. ಮಳೆ ಹೋದ ಮೇಲೂ ಹಿಂಗಾರಿ ಪೈರು ನಿಲ್ಲುವುದು ಈ ಠೇವಣಿಯ ಮೇಲೆ. ‘ಹೊಂದಾಣಿಕೆ’ ಎಂಬ ಪಾಠಕ್ಕೆ ಒಂಟೆಯ ಡುಬ್ಬದಷ್ಟೇ ಒಳ್ಳೆಯ ಉದಾಹರಣೆ ನಮ್ಮ ಜೋಳದ ಎಲೆ.

ಸಾರಜನಕ: ಮೇಲೆ 31,000 ಟನ್, ಕೆಳಗೆ ಎರಡು ಚೀಲ

ಒಂದು ಚದರ ಮೀಟರ್ ನೆಲದ ಮೇಲೆ ಹತ್ತು ಟನ್‌ಗೂ ಹೆಚ್ಚು ತೂಕದ ಗಾಳಿ ಕುಳಿತಿದೆ. ಅದರ ತೂಕದ ಮುಕ್ಕಾಲು ಪಾಲು ಸಾರಜನಕ. ಎಕರೆಗೆ ಗುಣಿಸಿದರೆ 31,000 ಟನ್ ದಾಟುತ್ತದೆ. ಬೆಳೆಗೆ ನಾವು ಹಾಕುವುದು 40 ಕೆಜಿ, ಎಂದರೆ ಅದರ ಎಂಟು ಲಕ್ಷದ ಒಂದು ಪಾಲು. ಆದರೂ ದುಡ್ಡು ಕೊಟ್ಟು ತರಬೇಕು, ಏಕೆಂದರೆ ಗಾಳಿಯ ಸಾರಜನಕವನ್ನು ಗಿಡ ನೇರವಾಗಿ ಬಳಸಲಾರದು.

45 ಕೆಜಿ ಯೂರಿಯಾ ಚೀಲದಲ್ಲಿ ಶೇ 46ರಷ್ಟು, ಎಂದರೆ 20.7 ಕೆಜಿ ಸಾರಜನಕ ಇರುತ್ತದೆ. ಚೀಲಕ್ಕೆ ₹266.50ರಂತೆ ಎರಡು ಚೀಲಕ್ಕೆ ₹533. ಸರ್ಕಾರ ಸಬ್ಸಿಡಿಯಾಗಿ ಭರಿಸುವುದು ಇದರ ಹಲವು ಪಟ್ಟು. ಇಷ್ಟಾಗಿ, ಎರಚಿದ ಯೂರಿಯಾದಲ್ಲಿ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಅರ್ಧವೋ ಅದಕ್ಕಿಂತ ಕಡಿಮೆಯೋ. ಉಳಿದದ್ದು ಗಾಳಿಗೆ ಹಾರುತ್ತದೆ, ನೀರಿನೊಂದಿಗೆ ಇಳಿದುಹೋಗುತ್ತದೆ.

ಇದೇ ಕೆಲಸವನ್ನು ಚೀಲವಿಲ್ಲದೆ ಮಾಡುವ ಜೀವಿ ನಮ್ಮ ಮಣ್ಣಿನಲ್ಲೇ ಇದೆ. ಹೂ ಬಿಡುವ ಹೊತ್ತಿಗೆ ಒಂದು ಅಲಸಂದಿ ಅಥವಾ ಶೇಂಗಾ ಗಿಡವನ್ನು ಬೇರು ಹರಿಯದಂತೆ ಮಣ್ಣುಸಮೇತ ಎತ್ತಿ, ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿಗೆ ಸಾಸಿವೆ ಕಾಳಿನ ಗಾತ್ರದಿಂದ ಜೋಳದ ಕಾಳಿನ ಗಾತ್ರದವರೆಗೆ ಗಂಟುಗಳು ಅಂಟಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಕಂಡರೆ ರೈಜೋಬಿಯಂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ ಎಂದು ಅರ್ಥ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಹಸಿರು ಅಥವಾ ಕಂದು ಇದ್ದರೆ ಕೆಲಸ ಮುಗಿದಿದೆ. ಗಿಡ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಗಿಡಕ್ಕೆ ಸಾರಜನಕ ಕೊಡುತ್ತದೆ. ಬೇಳೆಕಾಳಿನ ಬೆಳೆ ಚೆನ್ನಾಗಿ ಬಂದರೆ ಎಕರೆಗೆ 15ರಿಂದ 40 ಕೆಜಿವರೆಗೆ ಸಾರಜನಕ ಹೀಗೆ ಹಿಡಿದಿಡುತ್ತದೆ. ಅದರಲ್ಲಿ ಒಂದು ಪಾಲು ಕಾಳಿನೊಂದಿಗೆ ಹೋದರೂ ಬೇರು, ಉದುರಿದ ಎಲೆಯ ಪಾಲು ಹೊಲದಲ್ಲೇ ಉಳಿಯುತ್ತದೆ. ಹಿರಿಯರು ಜೋಳದ ನಡುವೆ ತೊಗರಿ, ಅಲಸಂದಿಯ ಅಕ್ಕಡಿ ಸಾಲು ಹಾಕುತ್ತಿದ್ದುದರ ಹಿಂದಿನ ಲಾಭ ಇದು.

ಸೋರಿಕೆಯ ಇನ್ನೊಂದು ಬಾಬತ್ತೂ ಇದೆ. 20 ಕ್ವಿಂಟಲ್ ಕಾಳಿನೊಂದಿಗೆ ಸುಮಾರು 29 ಕೆಜಿ ಸಾರಜನಕ ಹೊಲ ಬಿಟ್ಟು ಹೋಗುತ್ತದೆ, ಅದು ಮಾರಾಟಕ್ಕೆ ಬೆಳೆದದ್ದು. ಆದರೆ ಉಳಿದ 25 ಕ್ವಿಂಟಲ್ ದಂಟಿನಲ್ಲಿ ಇನ್ನೂ 15 ಕೆಜಿಯಷ್ಟು ಇರುತ್ತದೆ. ಅದಕ್ಕೆ ಬೆಂಕಿ ಇಟ್ಟರೆ ಮುಕ್ಕಾಲು ಚೀಲ ಯೂರಿಯಾದಲ್ಲಿ ಇರುವಷ್ಟು ಸಾರಜನಕದ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಮಣ್ಣಿಗೆ ಸೇರಿಸಿದರೆ ವಿಘಟಕಗಳು, ಎಂದರೆ ಕೊಳೆಯಿಸುವ ಜೀವಿಗಳು, ಅದನ್ನು ನಿಧಾನವಾಗಿ ಗಿಡಕ್ಕೆ ತಿರುಗಿ ಕೊಡುತ್ತವೆ. ಒಳ್ಳೆಯ ಮಣ್ಣಿನ ಒಂದೇ ಗ್ರಾಂನಲ್ಲಿ ಹತ್ತು ಕೋಟಿಯಿಂದ ನೂರು ಕೋಟಿವರೆಗೆ ಬ್ಯಾಕ್ಟೀರಿಯಾ ಇರಬಲ್ಲವು. ಎರೆಹುಳುವಂತೂ ಬರಿಗಣ್ಣಿಗೇ ಕಾಣುತ್ತದೆ. ಮಳೆಯಾದ ಮೇಲೆ ಒಂದು ಚದರ ಅಡಿ ಅಗೆದು ಎಣಿಸಿ. ಹತ್ತು ಸಿಕ್ಕರೆ ಎಕರೆಗೆ 4.35 ಲಕ್ಷ, ಒಂದು ಸಿಕ್ಕರೆ 43,560. ಸೊನ್ನೆ ಸಿಕ್ಕರೆ ಆ ಸೊನ್ನೆಯನ್ನು ಯೂರಿಯಾ ತುಂಬಿಕೊಡಲಾರದು.

ಸೈನಿಕ ಹುಳು: 1,500ರಲ್ಲಿ ಎರಡು

ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೆ ಬಂತು. ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ನೆರೆಯ ಶಿವಮೊಗ್ಗದಲ್ಲಿ, ಗೋವಿನಜೋಳದ ಮೇಲೆ. ರೈತರು ಲದ್ದಿ ಹುಳು ಎನ್ನುತ್ತಾರೆ. ಸುಳಿ ಬಿಡಿಸಿ ನೋಡಿದರೆ ಮರದ ಹೊಟ್ಟಿನಂಥ ಲದ್ದಿ, ಅದರೊಳಗೆ ಹುಳು. ಲೆನ್ಸ್ ಹಿಡಿದರೆ ತಲೆಯ ಮೇಲೆ ಕವೆಗೋಲನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ.

ಒಂದು ಹೆಣ್ಣು ಪತಂಗ ಜೀವಮಾನದಲ್ಲಿ ಸುಮಾರು 1,500 ಮೊಟ್ಟೆ ಇಡುತ್ತದೆ. ಬೆಚ್ಚನೆ ಹವೆಯಲ್ಲಿ ಮೊಟ್ಟೆಯಿಂದ ಪತಂಗವಾಗಲು ಒಂದು ತಿಂಗಳು ಸಾಕು. ಎಲ್ಲವೂ ಬದುಕಿದರೆ, ಅರ್ಧ ಹೆಣ್ಣು ಎಂದು ಹಿಡಿದರೂ, ಎರಡನೇ ಪೀಳಿಗೆಗೆ 11.25 ಲಕ್ಷ, ಮೂರನೆಯದಕ್ಕೆ 84 ಕೋಟಿ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಬಿಟ್ಟ ಎಕರೆಯಲ್ಲಿ ಇರುವ ಗಿಡಗಳೇ 33,700. ಹಾಗಾದರೆ ಗೋವಿನಜೋಳ ಇನ್ನೂ ಹೇಗೆ ಉಳಿದಿದೆ?

ಹುಳುವಿನ ಸಂಖ್ಯೆ ಏರದೆ ಇಳಿಯದೆ ಇರಬೇಕಾದರೆ 1,500ರಲ್ಲಿ ಎರಡು ಮಾತ್ರ ಪತಂಗವಾಗಿ ಮೊಟ್ಟೆ ಇಡಬೇಕು, 1,498 ಅದಕ್ಕೆ ಮೊದಲೇ ಸಾಯಬೇಕು. ಎಂದರೆ ಶೇ 99.87. ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಟ್ರೈಕೋಗ್ರಾಮ, ಟೆಲಿನೋಮಸ್ ಎಂಬ ಸಣ್ಣ ಕಣಜಗಳು, ಹುಳುವಿನ ಮೈಮೇಲೆ ಬೆಳೆಯುವ ಶಿಲೀಂಧ್ರ, ಜೇಡ, ಗುಲಗಂಜಿ ಹುಳ, ಕಾಜಾಣ, ಗೊರವಂಕ, ಬೆಳ್ಳಕ್ಕಿ ಇವೆಲ್ಲ ಸೇರಿ ಈ ಸಾವಿನ ದೊಡ್ಡ ಪಾಲನ್ನು ಮಾಡುತ್ತವೆ. ಹುಳುಗಳು ಒಂದನ್ನೊಂದು ತಿನ್ನುವುದು, ಜೋರು ಮಳೆ ಕೂಡ ಕೈಜೋಡಿಸುತ್ತವೆ.

ಒಂದು ಸಿಂಪರಣೆಗೆ ಔಷಧಿ, ಕೂಲಿ ಸೇರಿ ಎಕರೆಗೆ ₹1,000 ಎಂದಿಟ್ಟುಕೊಳ್ಳಿ. ಹಾವಳಿ ಮಿತಿ ಮೀರಿದಾಗ ಅದು ಬೇಕೇ ಬೇಕು. ಆದರೆ ದಿನ ನೋಡಿ ಹೊಡೆಯುವ ಔಷಧಿ ಕಣಜವನ್ನೂ ಜೇಡವನ್ನೂ ಕೊಲ್ಲುತ್ತದೆ, ಬಿಟ್ಟಿ ಕೆಲಸದವರು ಹೋದ ಮೇಲೆ ಎರಡನೇ, ಮೂರನೇ ಸಿಂಪರಣೆಯ ಖರ್ಚು ನಮ್ಮ ತಲೆಗೆ ಬರುತ್ತದೆ. ಎಕರೆಗೆ ಹತ್ತು ಕಡೆ ಹಕ್ಕಿ ಕೂರಲು ಅಡ್ಡಕೋಲು ನೆಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದಕ್ಕೇ. ಬೇಲಿಯ ಕೋಲಿನಲ್ಲೇ ಆಗುವ ಕೆಲಸ ಅದು.

ಹೂವು: 42 ಪೈಸೆಯ ಕೆಲಸ

ಜೀವಿಯ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬ ಪ್ರಶ್ನೆಗೆ ರಾಣೆಬೆನ್ನೂರು, ಬ್ಯಾಡಗಿ ಕಡೆಯ ಬೀಜೋತ್ಪಾದನೆಯ ಹೊಲದಲ್ಲಿ ಉತ್ತರ ಇದೆ. ಹೈಬ್ರಿಡ್ ಹತ್ತಿ, ಟೊಮೆಟೊ, ಬೆಂಡಿ, ಮೆಣಸಿನ ಬೀಜಕ್ಕಾಗಿ ಹೆಣ್ಣುಮಕ್ಕಳು ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಒಂದೊಂದೇ ಹೂವಿಗೆ ಮುಟ್ಟಿಸುತ್ತಾರೆ. ಎರಡೂ ಸೇರಿ ಹೂವಿಗೆ ಅರ್ಧ ನಿಮಿಷ ಎಂದರೆ ಎಂಟು ತಾಸಿನಲ್ಲಿ 960 ಹೂ. ದಿನಕ್ಕೆ ₹400 ಕೂಲಿ ಎಂದರೆ ಹೂವಿಗೆ 42 ಪೈಸೆ.

ಒಂದು ಜೇನುನೊಣ ಒಂದು ಸಲ ಹೊರಟರೆ 50ರಿಂದ 100 ಹೂ ಮುಟ್ಟುತ್ತದೆ. ದಿನಕ್ಕೆ ಹತ್ತು ಸಲ ಹೋದರೆ ಕನಿಷ್ಠ 500 ಹೂ. ಒಂದು ತುಡುವೆ ಗೂಡಿನಿಂದ 3,000 ನೊಣ ಮೇವಿಗೆ ಹೊರಟರೂ 15 ಲಕ್ಷ ಸಲ ಹೂವಿನ ಭೇಟಿ. 42 ಪೈಸೆಯಂತೆ ಒಂದು ದಿನಕ್ಕೆ ₹6.3 ಲಕ್ಷ. ಪ್ರತಿ ಭೇಟಿಯೂ ಕಾಯಿ ಕಟ್ಟಿಸುವುದಿಲ್ಲ, ಬೇಕಾದ ತಳಿಯ ಪರಾಗವನ್ನೇ ಆರಿಸಿ ತರುವ ಕೈಚಳಕ ಜೇನಿಗಿಲ್ಲ. ನೂರರಲ್ಲಿ ಒಂದು ಭೇಟಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಆಗಲೂ ದಿನಕ್ಕೆ ₹6,300. ಸೂರ್ಯಕಾಂತಿ, ಸೌತಿ, ಹೀರಿ, ಕುಂಬಳ ಬೆಳೆಯುವವರು ಮಧ್ಯಾಹ್ನದ ಮೊದಲು ಔಷಧಿ ಹೊಡೆಯುವ ಮುನ್ನ ಈ ಅಂಕಿ ನೆನಪಿಟ್ಟುಕೊಳ್ಳಬೇಕು.

ಚಿಗರಿ, ತೋಳ: 44 ಟನ್ ಹುಲ್ಲಿಗೆ ಒಂದು

ಅಗಡಿಯಿಂದ ತಾಸಿನ ಹಾದಿಯಲ್ಲಿ ರಾಣೆಬೆನ್ನೂರು ಕೃಷ್ಣಮೃಗ (ಚಿಗರಿ) ಅಭಯಾರಣ್ಯ ಇದೆ. 1974ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ 119 ಚದರ ಕಿ.ಮೀ., ಎಂದರೆ 29,400 ಎಕರೆ. ಆಹಾರ ಸರಪಳಿಯ ಮೇಲಿನ ಕೊಂಡಿಗಳನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಒಂದು ತೋಳಕ್ಕೆ ದಿನಕ್ಕೆ ಒಂದೂವರೆ ಕೆಜಿ ಮಾಂಸ, ವರ್ಷಕ್ಕೆ 550 ಕೆಜಿ. 30 ಕೆಜಿಯ ಚಿಗರಿಯಲ್ಲಿ 18 ಕೆಜಿ ತಿನ್ನಲು ಸಿಕ್ಕರೆ ವರ್ಷಕ್ಕೆ 30 ಚಿಗರಿ. ಚಿಗರಿ ಆರು ತಿಂಗಳು ಗಬ್ಬ ಹೊತ್ತು ಒಂದೇ ಮರಿ ಹಾಕುತ್ತದೆ. ವರ್ಷಕ್ಕೆ ಕಾಲು ಪಾಲು ಹೋದರೂ ಹಿಂಡು ಕುಗ್ಗಬಾರದು ಎಂದರೆ 120 ಚಿಗರಿ ಇರಬೇಕು. ಒಂದೊಂದು ದಿನಕ್ಕೆ ಒಂದು ಕೆಜಿ ಒಣಹುಲ್ಲಿನಷ್ಟು ಮೇಯ್ದರೆ ವರ್ಷಕ್ಕೆ 44 ಟನ್ ಹುಲ್ಲು. ಎಕರೆಗೆ 400 ಕೆಜಿ ಮೇವು ದಕ್ಕಿದರೆ 110 ಎಕರೆ ಹುಲ್ಲುಗಾವಲು. 44,000 ಕೆಜಿ ಹುಲ್ಲು, 900 ಕೆಜಿ ಚಿಗರಿ, ಕೊನೆಗೆ 20 ಕೆಜಿಯ ಒಂದು ತೋಳ. ಹುಲ್ಲು ಬಹಳ, ಚಿಗರಿ ಕಡಿಮೆ, ತೋಳ ಅಪರೂಪ ಎಂಬುದಕ್ಕೆ ಕಾರಣ ಈ ಗುಣಾಕಾರದಲ್ಲೇ ಇದೆ.

ಹೀಗೆಂದು 29,400 ಎಕರೆಯನ್ನು 110ರಿಂದ ಭಾಗಿಸಿ 267 ತೋಳ ಇರಬಹುದು ಎಂದರೆ ತಪ್ಪು. ಒಂದು ತೋಳದ ಹಿಂಡು ತಿರುಗುವ ಸೀಮೆ 150 ಚದರ ಕಿ.ಮೀ.ಗೂ ಮೀರಬಹುದು, ಅಭಯಾರಣ್ಯಕ್ಕಿಂತ ದೊಡ್ಡದು. ಮರಿ ಹಾಕಲು ಗವಿ, ಅಡಗಲು ಮರೆ, ಗದ್ದಲವಿಲ್ಲದ ಜಾಗ ಬೇಕು. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದ ತೋಳಧಾಮ ಸುಮಾರು 332 ಹೆಕ್ಟೇರ್, ಎಂದರೆ 3.3 ಚದರ ಕಿ.ಮೀ. ಅಂಥ ಧಾಮಗಳು ಮರಿ ಬೆಳೆಸಲು ಆಸರೆ. ಆದರೆ ತೋಳದ ಬದುಕು ನಡೆಯುವುದು ಕುರಿ ಮೇಯುವ ಬಯಲಿನಲ್ಲಿ, ರೈತರ ಹೊಲದ ಬದುವಿನಲ್ಲಿ. ಹೀಗಾಗಿ, ತೋಳದಿಂದ ಕುರಿ ಕಳೆದುಕೊಂಡ ಕುರಿಗಾಹಿಗೆ ಪರಿಹಾರ ಬೇಗ ಸಿಗುವುದು ತೋಳದ ಆವಾಸ ಉಳಿಸುವ ಕೆಲಸದ ಭಾಗವೇ ಆಗಿದೆ.

ಎರ್ಲಡ್ಡು ಹಕ್ಕಿ ಕಲಿಸುವ ಪಾಠ ಇನ್ನೂ ಕಠಿಣ. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಕರೆಯುವ, 15 ಕೆಜಿವರೆಗೆ ತೂಗುವ ಈ ಹಕ್ಕಿ ರಾಣೆಬೆನ್ನೂರಿನ ಬಯಲಿನಲ್ಲೂ ಇತ್ತು. ನೆಲದ ಮೇಲೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ದೂರದವರೆಗೆ ಕಣ್ಣು ಹಾಯುವ ಬಯಲು ಅದಕ್ಕೆ ಬೇಕು. ಹುಲ್ಲುಗಾವಲನ್ನು ಪಾಳು ಎಂದು ತಿಳಿದು ನೀಲಗಿರಿ ನೆಟ್ಟದ್ದರಿಂದ ಆ ಬಯಲು ಮುಚ್ಚಿತು. ಇಂದು ಜಗತ್ತಿನಲ್ಲೇ 150ರಷ್ಟು ಕಾಡು ಬಸ್ಟರ್ಡ್‌ಗಳು ಉಳಿದಿಲ್ಲ. ಗಿಡ ನೆಡುವುದೆಲ್ಲ ಪರಿಸರಕ್ಕೆ ಒಳ್ಳೆಯದು ಎಂಬ ಮಾತನ್ನು ಮಕ್ಕಳಿಗೆ ಕಲಿಸುವಾಗ, ಯಾವ ನೆಲದಲ್ಲಿ ಯಾವ ಗಿಡ ಎಂಬ ಪ್ರಶ್ನೆಯನ್ನೂ ಕಲಿಸಬೇಕು.

ಶಾಲೆ: ಮಗುವಿಗೆ ₹38

ಈ ಲೆಕ್ಕವನ್ನು ಮಕ್ಕಳೇ ಮಾಡಲು ಏನು ಬೇಕು? 30 ಮಕ್ಕಳ ತರಗತಿಯನ್ನು ಐದೈದು ಮಕ್ಕಳ ಆರು ತಂಡ ಮಾಡಿದರೆ:

• ಸುತಳಿ ಉಂಡೆ, 1: ₹40
• ಕೈ ಲೆನ್ಸ್, 6: ₹360
• ಬಿಳಿ ಪ್ಲಾಸ್ಟಿಕ್ ಟ್ರೇ, 6: ₹240
• ನೋಟ್‌ಬುಕ್, 6: ₹180
• ಮಣ್ಣು ಅಗೆಯುವ ಕುರ್ಪಿ, 2: ₹160
• ಥರ್ಮಾಮೀಟರ್, 1: ₹150
• ಮಳೆ ಅಳೆಯಲು ಹಳೆಯ ಬಾಟಲಿ: ಖರ್ಚಿಲ್ಲ
• ಒಟ್ಟು: ₹1,130

ಮಗುವಿಗೆ ₹38 ಕೂಡ ಆಗುವುದಿಲ್ಲ. ಒಟ್ಟು ಮೊತ್ತ ಒಂದು ಎಕರೆಗೆ ಒಂದು ಸಲ ಔಷಧಿ ಹೊಡೆಯುವ ಖರ್ಚಿನ ಆಸುಪಾಸಿನಲ್ಲಿದೆ, ಸಾಮಾನು ಮಾತ್ರ ಹಲವು ವರ್ಷ ಬಾಳುತ್ತದೆ.

ಸುತಳಿಯಿಂದ ಒಂದು ಮೀಟರ್ ಚೌಕ ಹಾಕಿ ಅದರೊಳಗಿನ ಗಿಡ, ಹುಳ, ಗೂಡು ಎಣಿಸಬೇಕು. ಬೇವಿನ ನೆರಳಿನಲ್ಲಿ ಒಂದು ಚೌಕ, ಗೋವಿನಜೋಳದ ಸಾಲಿನಲ್ಲಿ ಒಂದು, ಬದುವಿನ ಹುಲ್ಲಿನಲ್ಲಿ ಒಂದು, ಕೆರೆಯಂಚಿನಲ್ಲಿ ಒಂದು. ಸಿಕ್ಕ ಸಂಖ್ಯೆಯನ್ನು 4,047ರಿಂದ ಗುಣಿಸಿದರೆ ಎಕರೆಯ ಅಂದಾಜು. ಬದುವಿನಲ್ಲಿ ಹನ್ನೆರಡು ಬಗೆಯ ಜೀವಿ, ಬೆಳೆಯ ಸಾಲಿನಲ್ಲಿ ಮೂರು ಬಗೆ ಕಂಡರೆ ಏಕೆ ಎಂದು ಮಕ್ಕಳೇ ಕೇಳುತ್ತಾರೆ. ಪುಸ್ತಕದ ಪ್ರಶ್ನೋತ್ತರಕ್ಕಿಂತ ಆ ಪ್ರಶ್ನೆ ದೊಡ್ಡದು.

ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ, ಬೇಸಿಗೆ ರಜೆಗೆ ಮುಂಚೆ ಒಮ್ಮೆ ಎಣಿಸಿ ಬರೆದಿಟ್ಟರೆ ಐದು ವರ್ಷಕ್ಕೆ ಹದಿನೈದು ದಾಖಲೆ. ಎರೆಹುಳು ಏರಿತೋ ಇಳಿಯಿತೋ, ಕಾಜಾಣ ಉಳಿದಿದೆಯೋ, ಮಳೆಯ ದಿನಗಳು ಸರಿದವೋ ಎಂಬುದನ್ನು ಊರಿನವರೇ ಆಧಾರಸಹಿತ ಹೇಳಬಹುದು. ಕಾದಂಬರಿಕಾರ ಗಳಗನಾಥರ ಸಂಪಾದಕತ್ವದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ನೂರು ವರ್ಷದ ಹಿಂದೆ ಇದೇ ಅಗಡಿಯ ಆನಂದವನ ಆಶ್ರಮದಿಂದ ಕನ್ನಡ ನಾಡಿನ ಮನೆಮನೆಗೆ ಹೋಗುತ್ತಿತ್ತು. ಬರೆದಿಡುವ, ಹಂಚುವ ರೂಢಿ ಈ ಊರಿಗೆ ಹೊಸದಲ್ಲ.

ಗ್ರಾಮ ಪಂಚಾಯಿತಿ ಅಥವಾ ಶಾಲಾಭಿವೃದ್ಧಿ ಸಮಿತಿ ಒಂದು ಸಭೆಯಲ್ಲಿ ₹1,130 ಮಂಜೂರು ಮಾಡಿದರೆ ಸಾಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದವರನ್ನು ವರ್ಷಕ್ಕೊಮ್ಮೆ ಕರೆಸಿ ಮಕ್ಕಳ ಅಂಕಿಗಳನ್ನು ತೋರಿಸಲಿ, ಆ ಹಾಳೆಯನ್ನು ಗ್ರಾಮಸಭೆಯಲ್ಲಿ ಓದಲಿ. ಬೀಜ, ಗೊಬ್ಬರ, ಔಷಧಿಯ ದರಪಟ್ಟಿ ಗೋಡೆಗೆ ಅಂಟಿರುವ ಕಡೆಯಲ್ಲೇ ಎರೆಹುಳು, ಕಣಜ, ಜೇನು, ಕಾಜಾಣದ ಎಣಿಕೆಯ ಹಾಳೆಯೂ ಇರಬೇಕು. ಮುಂದಿನ ಬಿತ್ತನೆಯ ಖರ್ಚನ್ನು ಎರಡೂ ಪಟ್ಟಿ ನೋಡಿ ಹಾಕುವುದು ನಮ್ಮ ರೂಢಿಯಾಗಬೇಕು.